ಸಾವಯವ ಅಂದ ಮಾತ್ರಕ್ಕೆ ಸೀಸ ಇರಲ್ಲ ಅಂತೇನಿಲ್ಲ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಬರುತ್ತಿದ್ದ ಹೃದಯಾಘಾತದ ಸುದ್ದಿಗಳು ನಿಮಗೆ ನೆನಪಿರಬೇಕು. ಸಣ್ಣ ವಯಸ್ಸಿನವರೂ ಕುಸಿದು ಬಿದ್ದು ಹೋದರು ಅನ್ನೋ ಸುದ್ದಿ ದಿನಾ ವಾಟ್ಸಾಪಿಗೆ ಬರ್ತಿತ್ತು. ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಕೋವಿಡ್ ಲಸಿಕೆಗೂ ಹಠಾತ್ ಸಾವುಗಳಿಗೂ ನಂಟು ಕಾಣಲಿಲ್ಲ ಅಂತ ತಜ್ಞರು ಹೇಳಿದರು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಕೊಲೆಸ್ಟರಾಲ್ ಕಡೆ ಬೆರಳು ತೋರಿಸಿದರು. ಸರಿಯಾದ ಮಾತೇ.

ಆದರೆ ಅಷ್ಟು ದಿನದ ಚರ್ಚೆಯಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಅನ್ನೋ ಮೂರು ಹೆಸರು ನನ್ನ ಕಿವಿಗಂತೂ ಬೀಳಲಿಲ್ಲ. ಹಾಸನದ ಸಾವುಗಳಿಗೆ ಇವೇ ಕಾರಣ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋಕೆ ಯಾವ ಆಧಾರವೂ ಇಲ್ಲ. ನನ್ನ ಮಾತು ಬೇರೆ. ಹೃದಯಕ್ಕೆ ಅಪಾಯ ತರುವ ವಸ್ತುಗಳ ಪಟ್ಟಿಗೆ ವೈದ್ಯಲೋಕ ಈ ಮೂರು ಲೋಹಗಳನ್ನು ಸೇರಿಸಿ ಆಗಿದೆ. ಅವು ದೇಹಕ್ಕೆ ಹೋಗುವ ದೊಡ್ಡ ದಾರಿಗಳಲ್ಲಿ ಒಂದು ನೀರು, ಇನ್ನೊಂದು ಊಟ. ಊಟ ಅಂದ ಮೇಲೆ ಅದು ನಮ್ಮ ಹೊಲದ ವಿಷಯ. ಹಾಗಾಗಿ ಇದನ್ನ ಡಾಕ್ಟರ್ ನೋಡ್ಕೋತಾರೆ ಅಂತ ಬಿಡೋ ಹಾಗಿಲ್ಲ.

ಇನ್ನೊಂದು ಮಾತನ್ನು ವಿಶೇಷವಾಗಿ ನನ್ನಂಥ ಸಾವಯವ ಬೆಳೆಗಾರರಿಗೆ ಹೇಳಬೇಕು. ನಾವು ಚೀಲದ ಮೇಲೆ, ಬೋರ್ಡಿನ ಮೇಲೆ "ವಿಷಮುಕ್ತ" ಅಂತ ಬರೀತೀವಿ. ಕೀಟನಾಶಕ ಹೊಡೆದಿಲ್ಲ ಅನ್ನೋ ಅರ್ಥದಲ್ಲಿ ಆ ಮಾತು ಸರಿ. ಲೋಹದ ಮಟ್ಟಿಗೆ, ಪರೀಕ್ಷೆ ಮಾಡಿಸದೆ ಆ ಮಾತು ಹೇಳೋ ಹಕ್ಕು ನಮಗಿಲ್ಲ.

ಲೋಹಕ್ಕೂ ಹೃದಯಕ್ಕೂ ಏನು ಸಂಬಂಧ

ನಮ್ಮ ರಕ್ತನಾಳದ ಒಳಗೋಡೆಗೆ ಒಂದು ತೆಳುವಾದ ಪದರ ಇದೆ. ನಾಳ ಸಡಿಲವಾಗಿರಲಿ ಅಂತ ಅದು ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲವನ್ನು ಚೂರುಚೂರೇ ಬಿಡ್ತಾ ಇರುತ್ತೆ. ಸೀಸ ಈ ಕೆಲಸಕ್ಕೆ ಅಡ್ಡ ಬರುತ್ತೆ. ನಾಳ ಬಿಗಿಯಾಗುತ್ತೆ, ರಕ್ತದೊತ್ತಡ ಏರುತ್ತೆ. ಸೀಸಕ್ಕೆ ಇನ್ನೊಂದು ಚಾಳಿ ಇದೆ: ದೇಹ ಅದನ್ನು ಕ್ಯಾಲ್ಸಿಯಂ ಅಂತ ತಿಳಿದು ಮೂಳೆಯಲ್ಲಿ ಇಟ್ಟುಕೊಳ್ಳುತ್ತೆ. ರಕ್ತದಿಂದ ಅದು ಒಂದೆರಡು ತಿಂಗಳಲ್ಲಿ ಇಳಿಯಬಹುದು, ಮೂಳೆಯಲ್ಲಿ ಮಾತ್ರ ದಶಕಗಟ್ಟಲೆ ಕೂತಿರುತ್ತೆ. ವಯಸ್ಸಾಗಿ ಮೂಳೆ ಸವೆಯುವಾಗ ಮತ್ತೆ ರಕ್ತಕ್ಕೆ ಬರುತ್ತೆ.

ಕ್ಯಾಡ್ಮಿಯಂ ಹೋಗಿ ಕೂರೋದು ಮುಖ್ಯವಾಗಿ ಮೂತ್ರಪಿಂಡದಲ್ಲಿ. ಅಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯೋಕೆ 10ರಿಂದ 30 ವರ್ಷ ಬೇಕು. ಮೂತ್ರಪಿಂಡ ಕೆಟ್ಟರೆ ರಕ್ತದೊತ್ತಡದ ಹಿಡಿತ ತಪ್ಪುತ್ತೆ. ಜೊತೆಗೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳೋದಕ್ಕೂ ಕ್ಯಾಡ್ಮಿಯಂ ಕುಮ್ಮಕ್ಕು ಕೊಡುತ್ತೆ. ಆರ್ಸೆನಿಕ್ ಕೂಡ ನಾಳದ ಒಳಪದರವನ್ನೇ ಹಾಳು ಮಾಡುತ್ತೆ.

ಆರ್ಸೆನಿಕ್ ಏನು ಮಾಡಬಲ್ಲದು ಅನ್ನೋದಕ್ಕೆ ತೈವಾನ್‌ನ ನೈಋತ್ಯ ಕರಾವಳಿಯ ಹಳ್ಳಿಗಳು ಸಾಕ್ಷಿ. ಅಲ್ಲಿ ಕಳೆದ ಶತಮಾನದಲ್ಲಿ ಜನ ಆಳದ ಬಾವಿ ನೀರು ಕುಡಿಯುತ್ತಿದ್ದರು, ಆ ನೀರಲ್ಲಿ ಆರ್ಸೆನಿಕ್ ಇತ್ತು. ಕಾಲಿನ ರಕ್ತನಾಳಗಳು ಮುಚ್ಚಿಹೋಗಿ ಬೆರಳು, ಪಾದ ಕಪ್ಪಾಗಿ ಕೊಳೆಯುತ್ತಿದ್ದವು. ಆ ರೋಗಕ್ಕೆ "ಕಪ್ಪು ಪಾದ"ದ ರೋಗ ಅಂತಲೇ ಹೆಸರು ಬಂತು. ಅದೇ ಜನರಲ್ಲಿ ಹೃದಯದ ಕಾಯಿಲೆಯ ಸಾವೂ ಹೆಚ್ಚಿತ್ತು. ನಲ್ಲಿ ನೀರು ಬಂದ ಮೇಲೆ ಕ್ರಮೇಣ ಇಳಿಯಿತು. ದಕ್ಷಿಣ ಅಮೆರಿಕದ ಚಿಲಿ ದೇಶದ ಆಂಟೊಫಗಾಸ್ಟಾ ನಗರದಲ್ಲೂ ಹೀಗೇ ಆಯಿತು. 1958ರಿಂದ 1970ರವರೆಗೆ ಆ ಊರಿಗೆ ಕುಡಿಯಲು ಬಂದ ನದಿ ನೀರಲ್ಲಿ ಆರ್ಸೆನಿಕ್ ವಿಪರೀತ ಇತ್ತು. ಆ ವರ್ಷಗಳಲ್ಲಿ ಹೃದಯಾಘಾತದ ಸಾವು ಏರಿದ್ದನ್ನು ಸಂಶೋಧಕರು ಆಮೇಲೆ ಲೆಕ್ಕ ಹಾಕಿ ತೋರಿಸಿದರು.

ಇದು ವಿಪರೀತ ಪ್ರಮಾಣದ ಕಥೆ ಆಯ್ತು, ಸಣ್ಣ ಪ್ರಮಾಣದ್ದೇನು ಅಂತ ನೀವು ಕೇಳಬಹುದು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 37 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೇಖನ ಬಂತು. ಸುಮಾರು 3.5 ಲಕ್ಷ ಜನರ ಮಾಹಿತಿ ಅದರಲ್ಲಿತ್ತು. ದೇಹದಲ್ಲಿ ಲೋಹ ಕಡಿಮೆ ಇದ್ದ ಮೂರನೇ ಒಂದು ಭಾಗದ ಜನರಿಗೆ ಹೋಲಿಸಿದರೆ, ಹೆಚ್ಚಿದ್ದ ಮೂರನೇ ಒಂದು ಭಾಗದವರಲ್ಲಿ ಹೃದಯ-ರಕ್ತನಾಳದ ಕಾಯಿಲೆ ಆರ್ಸೆನಿಕ್‌ಗೆ ಶೇ. 30, ಕ್ಯಾಡ್ಮಿಯಂಗೆ ಶೇ. 33, ಸೀಸಕ್ಕೆ ಶೇ. 43ರಷ್ಟು ಹೆಚ್ಚು ಕಂಡಿತು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಈ ಮೂರೂ ಲೋಹಗಳು ಹೃದಯಕ್ಕೆ ಅಪಾಯಕಾರಿ ಅಂತ ಅಧಿಕೃತವಾಗಿ ಹೇಳಿತು. ಸಿಗರೇಟು, ಬಿಪಿಗಳ ಜಾಗಕ್ಕೆ ಲೋಹ ಬಂದು ಕೂತಿದೆ ಅಂತ ಇದರರ್ಥ ಅಲ್ಲ. ಅವುಗಳ ಪಕ್ಕದಲ್ಲಿ ಇದಕ್ಕೂ ಒಂದು ಕುರ್ಚಿ ಹಾಕಬೇಕು, ಅಷ್ಟೇ.

ಸಿಗರೇಟಿನ ಮಾತು ಬಂತಲ್ಲ, ತಂಬಾಕು ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರಿ ಎಲೆಯಲ್ಲಿ ತುಂಬಿಕೊಳ್ಳುವುದರಲ್ಲಿ ಪಳಗಿದ ಗಿಡ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಗೆಳೆಯರು ಇದನ್ನು ಗಮನಿಸಬೇಕು. ಬೀಡಿ, ಸಿಗರೇಟು ಸೇದುವವರಿಗೆ ಕ್ಯಾಡ್ಮಿಯಂ ಊಟದ ಜೊತೆಗೆ ಹೊಗೆಯಲ್ಲೂ ಹೋಗುತ್ತೆ.

ಮನೆಯ ಹೆಣ್ಣುಮಕ್ಕಳ ವಿಷಯವನ್ನೂ ಹೇಳಲೇಬೇಕು. ಕಬ್ಬಿಣಾಂಶ ಕಡಿಮೆ ಇರುವ ದೇಹ ಕ್ಯಾಡ್ಮಿಯಂ, ಸೀಸಗಳನ್ನು ಹೆಚ್ಚು ಹೀರಿಕೊಳ್ಳುತ್ತೆ. ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಒಂದೇ ಸೊಪ್ಪಿನ ಸಾರು ಮನೆಯವರೆಲ್ಲ ಉಂಡರೂ ಎಲ್ಲರ ದೇಹಕ್ಕೆ ಸೇರುವ ಲೋಹ ಒಂದೇ ಅಲ್ಲ.

ಹೊಲಕ್ಕೆ ಬರುವ ದಾರಿಗಳು

ಮೊದಲ ದಾರಿ ನೀರು. ವೃಷಭಾವತಿಯನ್ನೇ ನೋಡಿ. ಬೆಂಗಳೂರಿನ ಮನೆ, ಕಾರ್ಖಾನೆಗಳ ಕೊಳಚೆ ಹೊತ್ತು ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ತುಂಬುತ್ತೆ. ಆ ನೀರಲ್ಲಿ ಮೇವಿನ ಹುಲ್ಲು, ಬೇಬಿ ಕಾರ್ನ್, ತರಕಾರಿ ಬೆಳೆದವರು ಅಲ್ಲಿದ್ದಾರೆ. ಅವರಿಗೆ ಬೇರೆ ನೀರು ಯಾರೂ ಕೊಟ್ಟಿಲ್ಲ. ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ ನೀರು ಬಂತು. ಬತ್ತಿದ್ದ ಕೆರೆ ತುಂಬಿದ ಖುಷಿ ಎಂಥದು ಅಂತ ಬೋರ್‌ವೆಲ್ ಕೊರೆಸಿ ಸೋತವರಿಗೇ ಗೊತ್ತು. ಆದರೆ ಎಸ್‌ಟಿಪಿ ಕಟ್ಟೋದು ಮುಖ್ಯವಾಗಿ ಕೊಳೆಯುವ ಕಸ ತೆಗೆಯೋಕೆ. ಲೋಹ ತೆಗೆಯೋದು ಅದರ ಮುಖ್ಯ ಕೆಲಸ ಅಲ್ಲ. ಕೊಳಚೆಯಲ್ಲಿದ್ದ ಲೋಹದ ದೊಡ್ಡ ಪಾಲು ಎಸ್‌ಟಿಪಿಯ ತಳದ ಕೆಸರಿಗೆ ಇಳಿಯುತ್ತೆ. ಆ ಕೆಸರನ್ನೇ ಒಣಗಿಸಿ "ಗೊಬ್ಬರ ಒಯ್ಯಿರಿ" ಅಂತ ಕೊಟ್ಟರೆ ಎಚ್ಚರ ಬೇಕು.

ಕೊಳಚೆ ಇಲ್ಲದ ಕಡೆಯೂ ನೀರು ನಂಬೋ ಹಾಗಿಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಗಂಟು, ಕಲೆ ಎದ್ದದ್ದು ದಾಖಲಾಗಿದೆ. ಹತ್ತಿರದಲ್ಲಿ ಮುಚ್ಚಿದ ಚಿನ್ನದ ಗಣಿ ಇದೆ. ಚಿನ್ನ ಇರುವ ಕಲ್ಲಿನ ಜೊತೆ ಆರ್ಸೆನಿಕ್ ಇರೋದು ಸಾಮಾನ್ಯ. ಚರ್ಮದ ಕಲೆ ಕಣ್ಣಿಗೆ ಕಾಣುತ್ತೆ, ರಕ್ತನಾಳಕ್ಕೆ ಆದದ್ದು ಕಾಣಲ್ಲ. ಕುಡಿಯುವ ನೀರಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನೀರು ಕುದಿಸಿದರೆ ಆರ್ಸೆನಿಕ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತೆ.

ಎರಡನೇ ದಾರಿ ಚೀಲದ ಗೊಬ್ಬರ. ರಂಜಕದ ಗೊಬ್ಬರಗಳೆಲ್ಲ ಬರೋದು ಶಿಲಾರಂಜಕದಿಂದ, ಅದರಲ್ಲಿ ಕ್ಯಾಡ್ಮಿಯಂ ಸ್ವಾಭಾವಿಕವಾಗಿ ಇರುತ್ತೆ. ಯಾವ ದೇಶದ ಕಲ್ಲು ಅನ್ನೋದರ ಮೇಲೆ ಹೆಚ್ಚು ಕಡಿಮೆ. ಯುರೋಪಿನಲ್ಲಿ 2022ರಿಂದ ಒಂದು ಕಿಲೋ ಪಿ2ಒ5ಗೆ 60 ಮಿಲಿಗ್ರಾಂ ಅಂತ ಮಿತಿ ಹಾಕಿದ್ದಾರೆ. ಡಿಎಪಿ ಹಾಕಲ್ಲ, ನಮಗೇನು ಅಂತ ಸಾವಯವದವರು ಹೇಳೋ ಹಾಗಿಲ್ಲ. ರಾಕ್ ಫಾಸ್ಫೇಟ್ ಪುಡಿ ಸಾವಯವದಲ್ಲೂ ನಡೆಯುತ್ತೆ.

ಮೂರನೇ ದಾರಿ ಸಿಟಿ ಕಾಂಪೋಸ್ಟ್. ವಿಂಗಡಿಸದ ಕಸದಲ್ಲಿ ಬ್ಯಾಟರಿ, ಬಣ್ಣದ ಡಬ್ಬಿ, ಮುರಿದ ಎಲೆಕ್ಟ್ರಾನಿಕ್ ಸಾಮಾನು ಎಲ್ಲ ಸೇರಿರುತ್ತೆ. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಸಿಟಿ ಕಾಂಪೋಸ್ಟ್‌ನಲ್ಲಿ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ, ಆರ್ಸೆನಿಕ್ 10 ಮಿಲಿಗ್ರಾಂ ಮೀರಬಾರದು.

ಒಂದು ಲೆಕ್ಕ ಹಾಕೋಣ

ಮೊಬೈಲ್ ಕ್ಯಾಲ್ಕ್ಯುಲೇಟರ್ ತೆಗೀರಿ. 50 ಕಿಲೋ ಡಿಎಪಿ ಚೀಲದಲ್ಲಿ 23 ಕಿಲೋ ಪಿ2ಒ5 ಇರುತ್ತೆ. ಯುರೋಪಿನ ಮಿತಿಯಷ್ಟು, ಅಂದರೆ ಕಿಲೋಗೆ 60 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಅಂದುಕೊಂಡರೆ ಒಂದು ಚೀಲಕ್ಕೆ ಹತ್ತಿರ ಹತ್ತಿರ 1.4 ಗ್ರಾಂ.

ಈಗ ಎಕರೆಗೆ 4 ಟನ್ ಸಿಟಿ ಕಾಂಪೋಸ್ಟ್ ಹಾಕಿದಿರಿ ಅನ್ನಿ. ಅದರಲ್ಲಿ ಕ್ಯಾಡ್ಮಿಯಂ ಕಾನೂನಿನ ಮಿತಿಯಷ್ಟೇ, ಕಿಲೋಗೆ 5 ಮಿಲಿಗ್ರಾಂ ಇದೆ ಅಂದುಕೊಳ್ಳಿ. 4,000 ಕಿಲೋಗೆ ಒಟ್ಟು 20 ಗ್ರಾಂ. ಅಂದರೆ 14 ಚೀಲ ಡಿಎಪಿಯಲ್ಲಿ ಇರುವಷ್ಟು. ಸೀಸದ ಲೆಕ್ಕ ಹಾಕಿದರೆ 400 ಗ್ರಾಂ. ಎಲ್ಲವೂ ಕಾನೂನಿನ ಒಳಗೇ!

ಹೆದರಿಸೋಕೆ ಈ ಲೆಕ್ಕ ಕೊಡಲಿಲ್ಲ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತೆ. 20 ಗ್ರಾಂ ಅದರಲ್ಲಿ ಬೆರೆತರೆ ಕಿಲೋಗೆ 0.02 ಮಿಲಿಗ್ರಾಂ ಏರಿಕೆ. ಒಂದು ವರ್ಷಕ್ಕೆ ಏನೂ ಅಲ್ಲ. ಹತ್ತು ವರ್ಷ ಬಿಡದೆ ಹಾಕಿದರೆ 0.2 ಮಿಲಿಗ್ರಾಂ. ಕೊಳಕಾಗದ ಮಣ್ಣಿನಲ್ಲಿ ಕ್ಯಾಡ್ಮಿಯಂ ಇರೋದೇ ಸಾಮಾನ್ಯವಾಗಿ 1 ಮಿಲಿಗ್ರಾಂಗಿಂತ ಕಡಿಮೆ. ಆಗ 0.2 ಅನ್ನೋದು ಸಣ್ಣ ಸಂಖ್ಯೆ ಅಲ್ಲ. ಒಳ್ಳೆ ಕಾಂಪೋಸ್ಟ್‌ನಲ್ಲಿ ಲೋಹ ಈ ಮಿತಿಗಿಂತ ಬಹಳ ಕೆಳಗೇ ಇರಬಹುದು. ಆದರೆ ನಾವು ಗೊಬ್ಬರ ಹಾಕೋದು ಟನ್ ಲೆಕ್ಕದಲ್ಲಿ. ಹಾಗಾಗಿ ವರದಿ ಕೇಳಬೇಕಾದವರೂ ಎಲ್ಲರಿಗಿಂತ ಮೊದಲು ನಾವೇ.

ನನ್ನ ತೋಟಕ್ಕೆ ಒಬ್ಬ ಏಜೆಂಟ್ ಬಂದಿದ್ದ. ಲೋಡ್‌ಗಟ್ಟಲೆ ಗೊಬ್ಬರ ಬಾಡಿಗೆ ಖರ್ಚಿಗೇ ಕೊಡ್ತೀನಿ ಅಂದ. ಎಲ್ಲಿಂದ ಬರುತ್ತಣ್ಣ ಅಂದೆ, ನಗರದ ಘಟಕದಿಂದ ಅಂದ. ಲೋಹದ ಟೆಸ್ಟ್ ರಿಪೋರ್ಟ್ ವಾಟ್ಸಾಪ್ ಮಾಡಿ, ನೋಡಿ ಹೇಳ್ತೀನಿ ಅಂದೆ. "ಆಯ್ತು ಸಾರ್" ಅಂತ ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಆ ಗೊಬ್ಬರ ಕೆಟ್ಟದ್ದೇ ಇತ್ತು ಅಂತ ನಾನು ಹೇಳಲ್ಲ. ರಿಪೋರ್ಟ್ ಇಲ್ಲದ್ದು ನನ್ನ ಮಣ್ಣಿಗೆ ಬೇಡ, ಅಷ್ಟೇ.

ಯಾಕಿಷ್ಟು ಹಟ ಅಂದರೆ, ಲೋಹಕ್ಕೆ ಕೊಳೆಯೋದು ಗೊತ್ತಿಲ್ಲ. ಕೀಟನಾಶಕವನ್ನು ಸೂಕ್ಷ್ಮಜೀವಿಗಳು ಇವತ್ತಲ್ಲ ನಾಳೆ ಒಡೆಯುತ್ತವೆ. ಸೀಸವನ್ನು ಯಾವ ಸೂಕ್ಷ್ಮಜೀವಿಯೂ ಒಡೆದು ಇಲ್ಲವಾಗಿಸಲಾರದು. ಜೀವಾಮೃತ ನಾನೂ ಬಳಸ್ತೀನಿ, ಮಣ್ಣಿಗೆ ಒಳ್ಳೆಯದು. ಅದನ್ನು ಸುರಿದರೆ ಭಾರಲೋಹ ಮಾಯ ಆಗುತ್ತೆ ಅಂತ ಯಾವುದಾದರೂ ವಿಡಿಯೋದಲ್ಲಿ ಕಂಡರೆ ನಂಬಬೇಡಿ.

ದೇಹಕ್ಕೂ ಇದೇ ಮಾತು. ಭಾರಲೋಹ ತೆಗೆಯುವ "ಡಿಟಾಕ್ಸ್" ಪುಡಿ, ಕಷಾಯಗಳ ಜಾಹೀರಾತು ನಿಮಗೂ ಬಂದಿರುತ್ತೆ. ಆಸ್ಪತ್ರೆಯಲ್ಲಿ ಲೋಹ ಹೊರಹಾಕಲು ಕೊಡುವ ಕೀಲೇಷನ್ ಡ್ರಿಪ್ ಅನ್ನೋ ಚಿಕಿತ್ಸೆ ಇದೆ. ಒಮ್ಮೆ ಹೃದಯಾಘಾತ ಆದ ಸಕ್ಕರೆ ಕಾಯಿಲೆಯವರ ಮೇಲೆ ಅಮೆರಿಕ, ಕೆನಡಾಗಳಲ್ಲಿ ಅದನ್ನು ದೊಡ್ಡದಾಗಿ ಪರೀಕ್ಷಿಸಿದರು. 2024ರಲ್ಲಿ ಫಲಿತಾಂಶ ಬಂತು. ರಕ್ತದ ಸೀಸ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಆದರೆ ಹೃದಯಾಘಾತ, ಸಾವುಗಳು ಕಡಿಮೆಯಾಗಲಿಲ್ಲ. ಒಳಗೆ ಹೋಗಿ ವರ್ಷಗಟ್ಟಲೆ ಕೂತದ್ದನ್ನು ಆಮೇಲೆ ತೆಗೆದು ಸರಿಮಾಡೋದು ಅಷ್ಟು ಸುಲಭ ಅಲ್ಲ. ಹೋಗದ ಹಾಗೆ ನೋಡ್ಕೊಳ್ಳೋದೇ ದಾರಿ, ಆ ದಾರಿ ಹೊಲದಿಂದಲೇ ಶುರುವಾಗುತ್ತೆ.

ಗೊತ್ತಾದರೆ ಮಾರ್ಕೆಟ್ ಹೋಗುತ್ತೆ ಅನ್ನೋ ಭಯ

ಲೋಹದ ಟೆಸ್ಟ್ ಮಾಡಿಸಿ ಅಂದಾಗ ಯುವ ರೈತರಿಂದ ನನಗೆ ಬರುವ ಉತ್ತರ ಒಂದೇ: "ಮಾಡಿಸಿ, ಹೆಚ್ಚು ಅಂತ ಬಂದರೆ ಏನ್ ಮಾಡೋದಣ್ಣ? ಸೊಪ್ಪು ಯಾರು ತಗೋತಾರೆ?" ಈ ಭಯವನ್ನು ನಾನು ಹಗುರಾಗಿ ಕಾಣಲ್ಲ. ಸಾಲ ಇರೋನಿಗೆ ಒಂದು ಬೆಳೆ ನಿಂತರೂ ಕಷ್ಟ. ಮೇಲಾಗಿ ತಪ್ಪು ಅವನದಲ್ಲ. ಕೊಳಚೆ ಹರಿಸಿದ್ದು ನಗರ, ಬ್ಯಾಟರಿ ಕಸಕ್ಕೆ ಎಸೆದದ್ದು ನಗರ. ಕೊನೆಗೆ ಟಿವಿಯಲ್ಲಿ "ವಿಷದ ಸೊಪ್ಪು" ಅಂತ ತೋರಿಸೋದು ರೈತನ ಮುಖ.

ಆದರೆ ಆ ಸೊಪ್ಪು ಮಾರ್ಕೆಟ್ಟಿಗೆ ಹೋಗೋ ಮೊದಲು ನಮ್ಮ ಅಡುಗೆಮನೆಗೆ ಹೋಗುತ್ತೆ. ಆ ನೀರಲ್ಲಿ ದಿನವಿಡೀ ಕಾಲಿಟ್ಟು ನಿಲ್ಲೋರೂ ನಾವೇ. ಗೊತ್ತಿಲ್ಲದೆ ಇರೋದರಿಂದ ಉಳಿಯೋದು ಮಾರ್ಕೆಟ್ ಮಾತ್ರ, ಮನೆಯವರ ಬಿಪಿ ಉಳಿಯಲ್ಲ. ಗೊತ್ತಾದರೆ ಬೆಳೆ ಬದಲಿಸಬಹುದು. ಲೋಹ ಇರುವ ಮಣ್ಣಲ್ಲೂ ಸೇವಂತಿಗೆ, ಚೆಂಡುಹೂವು ಬೆಳೆಯಬಹುದು. ನಾಟಾ ಮರ ಹಾಕಬಹುದು. ಭೂಮಿ ಬೀಳು ಬಿಡಬೇಕಾಗಿಲ್ಲ.

ಸರ್ಕಾರದ ಪಾಲಿನ ಕೆಲಸವೂ ಇದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇದೆ. ಸಾರಜನಕ, ರಂಜಕ, ಪೊಟ್ಯಾಷ್‌ನಿಂದ ಹಿಡಿದು ಸತು, ಬೋರಾನ್, ರಸಸಾರದವರೆಗೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಅದರಲ್ಲಿಲ್ಲ. ಇಡೀ ರಾಜ್ಯದ ಪ್ರತಿ ಹೊಲಕ್ಕೂ ಲೋಹದ ಟೆಸ್ಟ್ ಮಾಡಿ ಅಂತ ನಾನು ಕೇಳ್ತಿಲ್ಲ, ಅದು ದುಬಾರಿ. ನಗರದ ಕೊಳಚೆ ಬರುವ ಕೆರೆಗಳ ಅಚ್ಚುಕಟ್ಟು, ಕೈಗಾರಿಕಾ ಪ್ರದೇಶದ ಅಂಚು, ಗಣಿ ಸುತ್ತಲಿನ ಊರು, ಇಷ್ಟಕ್ಕಾದರೂ ಈ ಮೂರು ಕಾಲಂ ಸೇರಲಿ. ಹೆಚ್ಚು ಬಂದವರಿಗೆ ಬೆಳೆ ಬದಲಿಸಲು ನೆರವು ಕೊಡಲಿ. ಕಾಂಪೋಸ್ಟ್ ಚೀಲದ ಮೇಲೆ ಆ ಬ್ಯಾಚಿನ ಲೋಹದ ವರದಿಗೆ ಕ್ಯೂಆರ್ ಕೋಡ್ ಇರಲಿ. ಹತ್ತು ರೂಪಾಯಿ ಟೀಗೆ ಕ್ಯೂಆರ್ ಇದೆ, ನಮ್ಮ ಮಣ್ಣಿಗೆ ಸುರಿಯೋ ಟನ್‌ಗಟ್ಟಲೆ ಗೊಬ್ಬರಕ್ಕೆ ಯಾಕಿಲ್ಲ?

ಈ ಹಂಗಾಮಿನಲ್ಲೇ ಮಾಡಬಹುದಾದದ್ದು

ಸರ್ಕಾರ ಮಾಡೋವರೆಗೆ ಕಾಯಬೇಕಾಗಿಲ್ಲ. ಮೊದಲು ನಿಮ್ಮ ನೀರು ಎಲ್ಲಿಂದ ಬರುತ್ತೆ, ಗೊಬ್ಬರ ಎಲ್ಲಿಂದ ಬರುತ್ತೆ ಅಂತ ಬರೆದಿಡಿ. ಮಳೆ ಕೆರೆ, ಸ್ವಂತ ಕೊಟ್ಟಿಗೆ ಗೊಬ್ಬರ, ಅಕ್ಕಪಕ್ಕ ಕಾರ್ಖಾನೆ ಗಣಿ ಇಲ್ಲ ಅಂದರೆ ನಿಮಗೆ ಅಷ್ಟು ಆತಂಕ ಬೇಡ. ಇವುಗಳಲ್ಲಿ ಒಂದಾದರೂ ಅನುಮಾನದ್ದಾದರೆ ಟೆಸ್ಟ್ ಮಾಡಿಸಿ.

ಮಾಮೂಲಿ ಮಣ್ಣು ಪರೀಕ್ಷೆ ಸಾಲದು. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ "ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಬೇಕು" ಅಂತ ಹೆಸರಿಟ್ಟು ಕೇಳಿ. ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಹತ್ತಿರದ ಲ್ಯಾಬ್ ಯಾವುದು ಅಂತ ಹೇಳ್ತಾರೆ. ಮಣ್ಣಿನ ಜೊತೆ ನೀರನ್ನೂ ಕೊಡಿ. ಹೊಲದ 8-10 ಕಡೆಯಿಂದ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಬೆರೆಸಿ. ಕಾಲುವೆ ನೀರು ಮೊದಲು ಬೀಳುವ ಜಾಗದ ಮಣ್ಣು ಬೇರೆ ಕಟ್ಟಿ, ಲೋಹ ಇದ್ದರೆ ಅಲ್ಲೇ ಹೆಚ್ಚಿರುತ್ತೆ. ತುಕ್ಕು ಹಿಡಿದ, ಬಣ್ಣ ಬಳಿದ ಸಲಾಕೆ ಬೇಡ, ಪ್ಲಾಸ್ಟಿಕ್ ಅಥವಾ ಮರದ್ದು ಬಳಸಿ. ಒಬ್ಬರಿಗೆ ಖರ್ಚು ಭಾರ ಅನಿಸಿದರೆ ಒಂದೇ ಕಾಲುವೆಯ ಹತ್ತು ಜನ ಸೇರಿ ಹಂಚಿಕೊಳ್ಳಿ. ನಿಮ್ಮ ಎಫ್‌ಪಿಒ ಮೂಲಕ ಮಾಡಿಸಿದರೆ ಇನ್ನೂ ಸಲೀಸು.

ಅನುಮಾನದ ಹೊಲದಲ್ಲಿ ಸೊಪ್ಪು ಮತ್ತು ಗಡ್ಡೆ ಬೇಡ. ಪಾಲಕ್, ಹರಿವೆ, ಮೂಲಂಗಿಯಂಥವು ಹಣ್ಣಿನ ಬೆಳೆಗಳಿಗಿಂತ ಹೆಚ್ಚು ಲೋಹ ತಗೋತವೆ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ, ಸೀಸ ಬೇರಿಗೆ ಸುಲಭವಾಗಿ ಸಿಗುತ್ತವೆ. ಮಲೆನಾಡು, ಕರಾವಳಿಯವರು ರಸಸಾರ ನೋಡಿಕೊಂಡು ಸುಣ್ಣ ಹಾಕಿ 6.5ರ ಆಸುಪಾಸಿಗೆ ತನ್ನಿ. ಸತುವಿನ ಕೊರತೆ ಇದ್ದರೆ ಸರಿಪಡಿಸಿ, ಸತು ಕಡಿಮೆ ಇರುವ ಗಿಡ ಕ್ಯಾಡ್ಮಿಯಂ ಹೆಚ್ಚು ಹೀರಬಹುದು. ಭತ್ತದವರಿಗೆ ಒಂದು ಇಕ್ಕಟ್ಟು ಇದೆ: ಸದಾ ನೀರು ನಿಲ್ಲಿಸಿದರೆ ಆರ್ಸೆನಿಕ್ ಹೆಚ್ಚು, ಪೂರ್ತಿ ಒಣಗಿಸಿದರೆ ಕ್ಯಾಡ್ಮಿಯಂ ಹೆಚ್ಚು. ನಿಮ್ಮ ಮಣ್ಣಲ್ಲಿ ಯಾವುದಿದೆ ಅಂತ ಗೊತ್ತಾದ ಮೇಲೇ ನೀರಿನ ಪದ್ಧತಿ ಬದಲಿಸಿ.

ಸೀಸ ಬೇರಿನಿಂದ ಮೇಲೇರೋದು ಕಡಿಮೆ, ಧೂಳಾಗಿ ಎಲೆ ಮೇಲೆ ಕೂರೋದೇ ಹೆಚ್ಚು. ಹಾಗಾಗಿ ಹೆದ್ದಾರಿ ಪಕ್ಕದ, ಕಾರ್ಖಾನೆ ಪಕ್ಕದ ಸೊಪ್ಪನ್ನು ಒಳ್ಳೆ ನೀರಲ್ಲಿ ಎರಡು ಮೂರು ಸಲ ತೊಳೆದರೆ ಉಪಯೋಗ ಇದೆ. ಕೊಳಚೆ ಕಾಲುವೆಯಲ್ಲೇ ತೊಳೆದು ಮಾರ್ಕೆಟ್ಟಿಗೆ ಕಳಿಸೋದನ್ನು ಮಾತ್ರ ನಿಲ್ಲಿಸಿ. ಅರಿಶಿನ ಬೆಳೆಯುವವರಿಗೂ ಒಂದು ಮಾತು: ಬಣ್ಣ ಹೊಳೆಯಲಿ ಅಂತ ಪಾಲಿಶ್ ಹೊತ್ತಲ್ಲಿ ಸೇರಿಸುವ ಹಳದಿ ಪುಡಿ ಸೀಸದ ಕ್ರೋಮೇಟ್ ಆಗಿರಬಹುದು. ವ್ಯಾಪಾರಿ ಹೇಳಿದ ಅಂತ ಒಪ್ಪಬೇಡಿ.

ಇನ್ನು ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಬಿಪಿ ಬಂದಿದ್ದರೆ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಬೀಡಿ ಬಿಡಿಸಿ. ಜೊತೆಗೆ ನಿಮ್ಮ ನೀರು ಯಾವುದು, ಊರಿನ ಪಕ್ಕ ಏನಿದೆ ಅನ್ನೋದನ್ನೂ ಅವರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಗಿರಾಕಿ ನಮ್ಮನ್ನು ನಂಬಿ ನಾಲ್ಕು ಕಾಸು ಹೆಚ್ಚು ಕೊಟ್ಟು ಸಾವಯವ ತಗೋತಾನೆ, ಮಕ್ಕಳಿಗೆ ಉಣಿಸ್ತಾನೆ. ಸಾವಯವ ಪ್ರಮಾಣಪತ್ರ ಮುಖ್ಯವಾಗಿ ನಾವು ಬೆಳೆಯುವ ಪದ್ಧತಿಗೆ ಸಿಗೋದು. ಮಣ್ಣಿನಲ್ಲಿ ಏನಿದೆ ಅನ್ನೋದಕ್ಕೆ ಲ್ಯಾಬಿನ ಹಾಳೆ ಬೇಕು. ಮುಂದಿನ ಸಲ "ವಿಷಮುಕ್ತ" ಅಂತ ಬೋರ್ಡ್ ಬರೆಸುವಾಗ ಆ ಹಾಳೆಯ ಫೋಟೋ ನಿಮ್ಮ ಮೊಬೈಲಿನಲ್ಲಿ ಇರಲಿ. ಕೇಳಿದವರಿಗೆ ತೋರಿಸೋ ಹಾಗಿರಲಿ.